ಬಾಗಿಲು ದಾಟದ ಸಾಣೆ ಗಾಡಿ

ಗಾಡಿ ಬಾಗಿಲಿಗೆ ಸಿಕ್ಕಿಕೊಂಡಾಗ ದುಶ್ಯಂತನಿಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ. ಸಿಟ್ಟು ಆಮೇಲೆ ಬಂತು.

ರಾಗಿಗುಡ್ಡದ ಇಳಿಜಾರಿನಲ್ಲಿರುವ ವಿಶಾಲಮ್ಮನವರ ಮನೆಗೆ ಅಂಟಿಕೊಂಡಂತೆ ಹಿಂದೆ ಒಂದು ಹಳೇ ಸೌದೆ ಕೋಣೆ. ಅದನ್ನು ಬಾಡಿಗೆಗೆ ಹಿಡಿದು ಅರ್ಧದಲ್ಲಿ ಚಾಪೆ, ಗ್ಯಾಸ್ ಒಲೆ, ಇನ್ನರ್ಧದಲ್ಲಿ ಮರಗೆಲಸ, ಹೀಗೆ ಮೂರು ವರ್ಷದಿಂದ ಅವನ ಬದುಕು ಸಾಗಿತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಯಾರು ಯಾರದೋ ಕೈಕೆಳಗೆ ಬೈಸಿಕೊಂಡು ಕಲಿತ ಕೆಲಸ. ಸದ್ದು, ಹೊಟ್ಟು, ಧೂಳು ಅಂತ ಎರಡು ಮನೆಯವರು ಅವನನ್ನು ಎಬ್ಬಿಸಿದ್ದರು. ಇದು ಮೂರನೆಯದು.

ಹೋದ ತಿಂಗಳು ವಿಶಾಲಮ್ಮನವರ ಮಗಳು ಕವನ ಬಾಣಂತನಕ್ಕೆ ಬಂದಳು. ಅವಳ ಕೋಣೆಗೂ ಇವನ ಕೋಣೆಗೂ ನಡುವೆ ಒಂದೇ ಗೋಡೆ. ಇವನು ಉಳಿಗೆ ಸಾಣೆ ಹಿಡಿಯಲು ಗ್ರೈಂಡರ್ ಹಾಕಿದರೆ ಸಾಕು, ಆಚೆ ಮಗು ಕಿರುಚುತ್ತಿತ್ತು. ವಿಶಾಲಮ್ಮ ಜಗಳದ ಹೆಂಗಸಲ್ಲ. ಎರಡು ಸಲ ಸುಮ್ಮನಿದ್ದರು. ಮೂರನೇ ಸಲ ಅಳುವ ಮಗುವನ್ನೇ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು. ಸೋಮವಾರದಿಂದ ಆ ಮಿಷನ್ನು ಒಳಗೆ ತಿರುಗಕೂಡದು, ಹಿತ್ತಲ ತುದಿಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಯ್ದು ಮಾಡಿಕೋ, ಆಗದಿದ್ದರೆ ಬೇರೆ ಕೋಣೆ ನೋಡಿಕೋ ಎಂದರು.

ಒಯ್ಯುವುದು ಅಂದರೆ ಗ್ರೈಂಡರು, ನೀರಿನ ಟಬ್ಬು, ಎಣ್ಣೆಕಲ್ಲುಗಳು, ವೈರು, ಎಲ್ಲವನ್ನೂ ಹೊತ್ತು ನಾಲ್ಕು ಸಲ ಓಡಾಡುವುದು. ಎರಡು ದಿನ ಹೊತ್ತ. ಮೂರನೇ ದಿನ ನಾಳೆ ನೋಡೋಣ ಎಂದ. ಉಳಿಗಳು ಹನ್ನೊಂದೂ ಮೊಂಡಾದವು, ಕೀಸುಳಿ ಮರವನ್ನು ಕೀಸುವ ಬದಲು ಹರಿಯತೊಡಗಿತು. ಆಗ ಹೊಳೆದದ್ದು ಗಾಡಿ. ಎಲ್ಲವೂ ಒಂದೇ ಸ್ಟ್ಯಾಂಡಿನ ಮೇಲೆ, ಕೆಳಗೆ ನಾಲ್ಕು ಚಕ್ರ. ಕೋಣೆಗೆ ಹೊಸ್ತಿಲಿರಲಿಲ್ಲ, ತಳ್ಳಿದರೆ ಹಿತ್ತಲು. ಬಾಗಿಲನ್ನು ಟೇಪಿನಲ್ಲಿ ಅಳೆದ, ಎಪ್ಪತ್ತೈದು ಸೆಂಟಿಮೀಟರ್. ಗಾಡಿಯ ಅಗಲ ಎಪ್ಪತ್ತನಾಲ್ಕು ಎಂದು ಗುರುತು ಹಾಕಿಕೊಂಡ. ಬಾಗಿಲು ಕೊಡುವ ಜಾಗದಲ್ಲಿ ಒಂದಿಷ್ಟೂ ವ್ಯರ್ಥವಾಗಬಾರದು ಎಂಬ ಹಟ. ಐದು ಸಂಜೆ ಕೂತು ಹಳೇ ಹಲಸಿನ ತುಂಡುಗಳಲ್ಲಿ ಕಾಲು ಕೂಡಿಸಿ, ಅಂಟು ಹಾಕಿ, ಸ್ಕ್ರೂ ಬಿಗಿದ.

ಭಾನುವಾರ ಮಧ್ಯಾಹ್ನ ತಳ್ಳಿದರೆ ಗಾಡಿ ಚೌಕಟ್ಟಿಗೆ ಬಡಿದು ನಿಂತಿತು.

ಭದ್ರಾವತಿಯ ಭೈರಪ್ಪನಿಗೆ ಫೋನ್ ಮಾಡಿದ. ಭೈರಪ್ಪ ಅವನ ಸೋದರಮಾವ. ಒಂದು ಫೌಂಡ್ರಿಯಲ್ಲಿ ಮೂವತ್ತೆರಡು ವರ್ಷ, ಎರಕದ ಅಚ್ಚಿಗೆ ಬೇಕಾದ ಮರದ ಮಾದರಿಗಳನ್ನು ಮಾಡಿ ನಿವೃತ್ತರಾದವರು. ಮಂಡಿನೋವಿದ್ದರೂ ಬಸ್ ಹತ್ತಿ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಮೂಲೆಯ ಕೂಡುಗಳನ್ನು ಬೆರಳಿನಿಂದ ಸವರಿ, ಕೆಲಸ ಚೆನ್ನಾಗಿದೆ ಎಂದರು. ಆಮೇಲೆ ಅಳತೆ ಯಾವುದರಲ್ಲಿ ತೆಗೆದುಕೊಂಡೆ ಎಂದು ಕೇಳಿದರು.

“ಬಾಗ್ಲು ಟೇಪಲ್ಲಿ. ಆಮೇಲೆ ಟೇಪಿನ ಸ್ಪ್ರಿಂಗ್ ಕಿತ್ತೋಯ್ತು. ಗಾಡಿ ಎಲ್ಲಾ ನೀವ್ ಕೊಟ್ಟಿದ್ರಲ್ಲ, ಆ ಸ್ಟೀಲ್ ಸ್ಕೇಲಲ್ಲಿ.”

ಭೈರಪ್ಪ ಮೇಜಿನ ತುದಿಗೆ ಕೂತುಬಿಟ್ಟರು. “ಅದು ಎರಕದ ಸ್ಕೇಲು ಮಾರಾಯ.”

ಕರಗಿದ ಉಕ್ಕು ಅಚ್ಚಿನೊಳಗೆ ತಣಿಯುತ್ತ ಕುಗ್ಗುತ್ತದೆ. ಹಾಗಾಗಿ ಮರದ ಮಾದರಿಯನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಗುಣಿಸಿ ಕೂಡಿಸಿ ಕೂರುವುದು ಬೇಡವೆಂದು ಮಾದರಿ ಮಾಡುವವರ ಸ್ಕೇಲನ್ನೇ ಹಿಗ್ಗಿಸಿರುತ್ತಾರೆ. ಅದರಲ್ಲಿ ನೂರು ಎಂದು ಬರೆದ ಕಡೆ ನಿಜಕ್ಕೆ ನೂರಾ ಎರಡು ಇರುತ್ತದೆ. ಎಪ್ಪತ್ತನಾಲ್ಕು ಎಂದು ದುಶ್ಯಂತ ಕುಯ್ದದ್ದು ಎಪ್ಪತ್ತೈದೂವರೆ ಆಗಿತ್ತು.

ಕೊಡುವಾಗ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ಸಿಟ್ಟು ಬಂದಿತ್ತು, ದನಿ ಮಾತ್ರ ಏರಿರಲಿಲ್ಲ. ಭೈರಪ್ಪ ಸ್ಕೇಲನ್ನು ಕೈಗೆತ್ತಿಕೊಂಡರು.

“ಹೊಳೀಲೇ ಇಲ್ಲ ಕಣೋ. ಮನೇಲಿ ಮಂಚ, ಕಪಾಟು ಎಲ್ಲಾ ಅದ್ರಲ್ಲೇ ಮಾಡಿದ್ದು. ಗೋಡೇನೂ ಅದ್ರಲ್ಲೇ ಅಳ್ದೆ, ಮಂಚಾನೂ ಅದ್ರಲ್ಲೇ ಅಳ್ದೆ. ಸರಿಯಾಗಿ ಕೂತ್ಕೊಳ್ತಿತ್ತು.”

“ನಿಮ್ ಸ್ಕೇಲೂ ನಿಮ್ ಫೌಂಡ್ರಿಯವ್ರ ತರಾನೇ ಬಿಡಿ ಮಾವ. ಹೇಳೋದೊಂದು, ಇರೋದೊಂದು.”

ಮಾತು ತಗುಲಿತು. ಭೈರಪ್ಪನ ಮುಖ ನೋಡಿಯೇ ಗೊತ್ತಾಯಿತು. ಆದರೂ ದುಶ್ಯಂತ ನಿಲ್ಲಿಸಲಿಲ್ಲ. ಗಾಡಿ ಒಡೆದು ಒಲೆಗೆ ಹಾಕುತ್ತೇನೆ, ಕೆಲಸವೂ ಸಾಕು, ಈ ಊರೂ ಸಾಕು, ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿಕೊಂಡಿರುತ್ತೇನೆ ಎಂದ. ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಸುಸ್ತಾಗಿತ್ತು.

“ಸೀರೆ ಮಡಚೋಕೂ ಸೊಂಟ ಬೇಕು,” ಎಂದರು ಭೈರಪ್ಪ. “ಆ ಕೀಸುಳಿ ಕೊಡು ಇಲ್ಲಿ.”

ಅಲಗನ್ನು ಬಿಚ್ಚಿ, ಎಣ್ಣೆಕಲ್ಲಿಗೆ ನಾಲ್ಕು ಹನಿ ಬಿಟ್ಟು, ತಿಕ್ಕತೊಡಗಿದರು. ಸದ್ದೇ ಇಲ್ಲ, ಆದರೆ ಬಲು ನಿಧಾನದ ಕೆಲಸ. ಮಸಿಯಂಥ ಎಣ್ಣೆ ಬೆರಳಿಗೆ ಅಂಟುತ್ತಿತ್ತು. ಮುಂಗೈಯ ಕೂದಲು ಬೋಳಿಸಿ ಹರಿತ ನೋಡಿದರು. ಅಲಗು ಸಿಕ್ಕಿಕೊಳ್ಳದಂತೆ ದುಶ್ಯಂತ ಅಷ್ಟರಲ್ಲಿ ಸ್ಕ್ರೂಗಳನ್ನೆಲ್ಲ ಇನ್ನೂ ಒಳಗೆ ತಿರುಗಿಸಿದ್ದ. ಅಳೆಯುವ ಗೋಜಿಗೆ ಇಬ್ಬರೂ ಹೋಗಲಿಲ್ಲ. ಒಂದು ಮಗ್ಗುಲು ಕೀಸುವುದು, ತಳ್ಳಿ ನೋಡುವುದು, ಎಳೆದುಕೊಳ್ಳುವುದು, ಇನ್ನೊಂದು ಮಗ್ಗುಲು ಕೀಸುವುದು. ಹಲಸು ಗಟ್ಟಿ ಮರ. ಎರಡು ಗಂಟೆ ಹಿಡಿಯಿತು. ಐದು ಸಂಜೆ ನುಣುಪು ಮಾಡಿದ್ದ ಮೈ ಹೊಟ್ಟಾಗಿ ಕಾಲಬುಡಕ್ಕೆ ಬಿತ್ತು.

ಕೊನೆಗೆ ಗಾಡಿ ಚೌಕಟ್ಟಿನ ಎರಡೂ ಕಡೆಯ ಬಣ್ಣ ಕೆರೆದುಕೊಂಡು ಹೊರಗೆ ಬಂತು. ಒಗೆಯುವ ಕಲ್ಲಿನ ಹತ್ತಿರ ವಿಶಾಲಮ್ಮ ಮಗುವಿನ ಬಟ್ಟೆ ಹಿಂಡುತ್ತಿದ್ದರು. ಗಾಡಿಯನ್ನು ನೋಡಿದರು, ಆಮೇಲೆ ಬಾಗಿಲನ್ನು.

“ಬಣ್ಣ ಹೋಯ್ತಲ್ಲಪ್ಪ.”

“ಹೊಡ್ಕೊಡ್ತೀನಿ ಅಮ್ಮ.”

ಮೊದಲು ಮಿಷನ್ ಹಾಕು, ಒಳಗೆ ಎಷ್ಟು ಕೇಳಿಸುತ್ತದೋ ನೋಡುತ್ತೇನೆ ಎಂದು ಹೇಳಿ ಅವರು ಮಗಳ ಕೋಣೆಗೆ ಹೋದರು. ದುಶ್ಯಂತ ವೈರು ಎಳೆದು ಸ್ವಿಚ್ ಒತ್ತಿದ. ಮೊದಲ ಉಳಿಯನ್ನು ಚಕ್ರಕ್ಕೆ ತಾಗಿಸಿ, ನೀರಿಗೆ ಅದ್ದಿ, ಮತ್ತೆ ತಾಗಿಸಿದ. ಕಿಡಿ ಹಾರಿ ಒದ್ದೆ ಕಲ್ಲಿನ ಮೇಲೆ ಆರುತ್ತಿತ್ತು. ಒಳಗಿನಿಂದ ಅಳು ಬರುತ್ತದೇನೋ ಎಂದು ಅವನ ಕಿವಿ ಅತ್ತಲೇ ಇತ್ತು. ಭೈರಪ್ಪ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು.

ವಿಶಾಲಮ್ಮ ಹೊರಗೆ ಬಂದರು.

“ಕೇಳ್ಸುತ್ತೆ. ಆದ್ರೆ ಮಗು ಎದ್ದಿಲ್ಲ,” ಎಂದು ಹಿಂಡಿದ ಬಟ್ಟೆ ಬಕೆಟ್ಟಿಗೆ ತುಂಬಿಕೊಂಡರು. “ಹೊತ್ತು ಮುಳುಗಿದ್ಮೇಲೆ ಮಾತ್ರ ಬೇಡ. ಮಾವಂಗೆ ಕಾಫಿ ಕಳಿಸ್ತೀನಿ.”

ಕೋಣೆ ಉಳಿಯಿತು. ಖುಷಿ ಪಡಬೇಕಾದ ಹೊತ್ತು ಎಂದು ದುಶ್ಯಂತನಿಗೆ ಗೊತ್ತಿತ್ತು. ಆದರೆ ಬೆನ್ನು ಹಿಡಿದುಕೊಂಡಿತ್ತು. ಮಾವನಿಗೆ ಅಂದ ಮಾತನ್ನು ಮರೆಯಲೂ ಆಗುತ್ತಿರಲಿಲ್ಲ. ರಾತ್ರಿ ಇಲ್ಲೇ ಉಳಿದುಬಿಡಿ, ಬೆಳಿಗ್ಗೆ ನಾನೇ ಬಸ್ಸಿಗೆ ಬಿಡುತ್ತೇನೆ ಎಂದ. ಭೈರಪ್ಪ ಕಣ್ಣು ತೆರೆಯದೆ, ಚಾಪೆ ಒಂದೇ ಅಲ್ಲವೇನೋ ಇರುವುದು ಎಂದು ಕೇಳಿದರು.

“ನೀವ್ ಮಲ್ಕೊಳಿ ಮಾವ. ನಾನು ಹೊಟ್ಟಿನ ಮೇಲೆ ಬಿದ್ಕೊಳ್ತೀನಿ.”

ಭೈರಪ್ಪ ಹೂಂ ಎಂದರು. ದುಶ್ಯಂತ ಎರಡನೇ ಉಳಿ ಎತ್ತಿಕೊಂಡ.