ಪೂಜೆಯ ಗುದ್ದಲಿ

ನಾನೊಂದು ಗುದ್ದಲಿ. ಹುಟ್ಟಿದ್ದು ಕಮ್ಮಾರ ಮೌನೇಶಪ್ಪನವರ ಕುಲುಮೆಯಲ್ಲಿ. ಎರೆಮಣ್ಣಿಗೂ ಜಗ್ಗಬಾರದೆಂದು ಅವರು ನನ್ನನ್ನು ಮೂರು ಸಲ ಕಾಯಿಸಿ ಬಡಿದರು. ಆದರೆ ನನ್ನನ್ನು ಕೊಂಡದ್ದು ರೈತರಲ್ಲ, ನಮ್ಮೂರಿನ ನಗರಸಭೆ. ಅಲ್ಲಿ ನನಗೆ ಬೆಳ್ಳಿ ಬಣ್ಣ ಬಳಿದು ಕಪಾಟಿನಲ್ಲಿ ಮಲಗಿಸಿದರು. ನನ್ನ ಕೆಲಸ ಗುದ್ದಲಿ ಪೂಜೆ ಮಾತ್ರ.

ಹನ್ನೆರಡು ವರ್ಷ ಊರು ಬೆಳೆದ ಹಾಗೆಲ್ಲ ನಾನೂ ಮೆರೆದೆ. ರಸ್ತೆಯಾಗಲಿ, ಬಡಾವಣೆಯಾಗಲಿ, ಮೊದಲ ಏಟು ನನ್ನದೇ. ಗಣ್ಯರ ಕೈ ನೋಯಬಾರದೆಂದು ಮೊದಲೇ ಮೆತ್ತನೆಯ ಮಣ್ಣು ಗುಡ್ಡೆ ಹಾಕಿರುತ್ತಿದ್ದರು. ಅದಕ್ಕೆ ಒಂದು ಏಟು, ಫೋಟೊ, ಚಪ್ಪಾಳೆ. ಹೂಹಾರ ಹಾಕಿಸಿಕೊಂಡು ಜಂಬದಿಂದ ಕಪಾಟಿಗೆ ಮರಳುತ್ತಿದ್ದೆ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ತಗ್ಗಿನ ಓಣಿಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಫಕೀರವ್ವ ಎಂಬವರಿದ್ದಾರೆ. ಅವರ ಮನೆಯ ಪಕ್ಕದಲ್ಲೇ ಹಳ್ಳ. ಈಚೆಗೆ ಮಳೆ ಬಂದರೆ ಒಮ್ಮೆಲೇ ಸುರಿದು ನೀರು ಮನೆಯೊಳಗೇ ನುಗ್ಗುತ್ತದೆ. ಬೇಸಿಗೆಯಲ್ಲಿ ಅಲ್ಲಿನ ತಗಡಿನ ಮನೆಗಳು ಕಾದ ಹಂಚು. ನಗರಸಭೆಯ ಇಂಜಿನಿಯರ್ ಹುಣಸಿಕಟ್ಟಿಯವರು ಓಣಿಯವರನ್ನೆಲ್ಲ ಕೂಡಿಸಿ, ಕೇಳಿ, ಒಂದು ಯೋಜನೆ ಬರೆದರು. ಹಳ್ಳವನ್ನು ಮುಚ್ಚದೆ ಅಗಲ ಮಾಡುವುದು, ದಂಡೆಯಲ್ಲಿ ಹೊಂಗೆ ಮರ, ಅದರ ನೆರಳಲ್ಲೇ ಪೇಟೆಗೆ ನಡೆದುಹೋಗುವ ದಾರಿ. ಒಂದೇ ಕಾಮಗಾರಿಯಲ್ಲಿ ಓಣಿಗೆ ದಾರಿಯೂ ಆಗಬೇಕು, ಮಳೆ ಬಿಸಿಲಿನ ಕಾಟವೂ ತಗ್ಗಬೇಕು ಎಂಬುದು ಅವರ ಆಸೆ.

"ಇದೊಂದು ಆದ್ರ ಸಾಕ್ರಿ ಸಾಹೇಬ್ರ, ನನ್ನ ಹಿಟ್ಟು ಒಣಗಿರತೈತಿ," ಎಂದಿದ್ದರಂತೆ ಫಕೀರವ್ವ.

ಪೂಜೆಯ ದಿನ ಅತಿಥಿಗಳ ಕಾರು ನಿಲ್ಲಲು ಜಾಗವಿರಲಿಲ್ಲ. ಪೆಂಡಾಲಿಗೂ ಸಮತಟ್ಟು ನೆಲ ಬೇಕಿತ್ತು. ಆರು ಟ್ರ್ಯಾಕ್ಟರ್ ಗರಸು ಮಣ್ಣು ತಂದು ಹಳ್ಳಕ್ಕೇ ಸುರಿದರು. ಹಳ್ಳ ಅಗಲ ಮಾಡುವ ಪೂಜೆಗಾಗಿ ಹಳ್ಳವನ್ನೇ ಮುಚ್ಚಿದರು! ಆ ಮಣ್ಣಿನ ಮೇಲೆಯೇ ನಾನು ಏಟು ಹಾಕಿದೆ. ಫಕೀರವ್ವ ಕೇಳಿದಾಗ "ನಾಳೆನ ತಗಸ್ತೀನಿ" ಎಂದರು ಹುಣಸಿಕಟ್ಟಿಯವರು. ಆ ನಾಳೆ ಬರಲಿಲ್ಲ. ಬೇರೆ ಪೂಜೆಗಳು ಬಂದವು, ನಾನು ಹಾರ ಹಾಕಿಸಿಕೊಂಡು ಅಲ್ಲಿಗೂ ಹೋದೆ.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಮಳೆ ಹೊಡೆಯಿತು. ಮರುದಿನ ಬೆಳಿಗ್ಗೆ ಫಕೀರವ್ವ ಕೆಸರು ಮೆತ್ತಿದ ಸೀರೆಯಲ್ಲೇ ಕಚೇರಿಗೆ ಬಂದರು. ಕಂಕುಳಲ್ಲಿ ನೀರು ಕುಡಿದು ಗಟ್ಟಿಯಾದ ಜೋಳದ ಹಿಟ್ಟಿನ ಚೀಲ.

"ಪೂಜಿ ಮಾಡಿದ ಗುದ್ದಲಿ ಎಲ್ಲೈತ್ರಿ? ಕೊಡ್ರಿ. ಮತ್ತ ಮೋಡ ಕಟ್ಟೈತಿ. ನಿಮ್ಮ ಮಣ್ಣು ನಾವ ತಗೀತೀವಿ."

"ಅದು ಪೂಜಿದು ಯವ್ವಾ, ಕೆಲಸದ್ದಲ್ಲ," ಎಂದ ಜವಾನ.

ಕಪಾಟಿನೊಳಗಿದ್ದ ನನಗೆ ಆ ಮಾತು ಕೇಳಿಸಿತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಹುಣಸಿಕಟ್ಟಿಯವರು ಕುರ್ಚಿಯಿಂದ ಎದ್ದರು. ಕಪಾಟು ತೆರೆದು ನನ್ನನ್ನು ಫಕೀರವ್ವನ ಕೈಗೆ ಕೊಟ್ಟು, ತಾವೂ ಅವರ ಹಿಂದೆ ನಡೆದರು.

ಮೂರನೇ ಏಟಿಗೇ ನಾನು ಮರದ ಕಾವಿನಿಂದ ಕಳಚಿ ಕೆಸರಿಗೆ ಬಿದ್ದೆ. ಪಕ್ಕದಲ್ಲಿ ಓಣಿಯವರ ಹಳೆಯ ಸಲಿಕೆಗಳು ಸರಸರನೆ ಮಣ್ಣು ಎತ್ತುತ್ತಿದ್ದವು. ಫಕೀರವ್ವ ಬೈಯಲಿಲ್ಲ. ಕಾವಿಗೆ ಬೆಣೆ ಬಡಿದು ಮತ್ತೆ ನನ್ನನ್ನು ಎತ್ತಿದರು. ಬೆಳ್ಳಿ ಬಣ್ಣ ಉದುರಿತು. ಮಳೆ ಶುರುವಾಗುವ ಹೊತ್ತಿಗೆ ನೀರು ಹರಿಯುವಷ್ಟು ಕಾಲುವೆ ಬಿಡಿಸಿದ್ದೆವು. ಅಂದು ನೀರು ಅವರ ಹೊಸ್ತಿಲು ದಾಟಲಿಲ್ಲ.

ಕಚೇರಿಗೆ ಹೊಸ ಗುದ್ದಲಿ ಬಂತು. ನನ್ನನ್ನು ಯಾರೂ ವಾಪಸು ಕೇಳಲಿಲ್ಲ. ಈಗ ಫಕೀರವ್ವನ ಅಡುಗೆಮನೆಯ ಮೂಲೆಯಲ್ಲಿದ್ದೇನೆ. ಹಳ್ಳದ ಕಾಮಗಾರಿ ಇನ್ನೂ ಕಾಗದದಲ್ಲಿದೆ. ಪ್ರತಿ ಭಾನುವಾರ ಹುಣಸಿಕಟ್ಟಿಯವರು ಬಂದು ಗುರುತು ಹಾಕಿಕೊಡುತ್ತಾರೆ. ಓಣಿಯವರು ಕೈಲಾದಷ್ಟು ಅಗೆಯುತ್ತಾರೆ.

ಮೊನ್ನೆ ಹೊಂಗೆ ಸಸಿಗೆ ಗುಂಡಿ ತೋಡಲು ನೆರೆಮನೆಯಾಕೆ ನನ್ನನ್ನು ಎರವಲು ಕೇಳಲು ಬಂದಳು. ನನ್ನ ಅಲಗಿನ ಮೇಲೆ ಬೆರಳಾಡಿಸಿದಳು.

"ಎಷ್ಟ್ ಚಂದ ಐತಿ! ಹೊಸಾದೇನವ್ವಾ?"

"ಹನ್ನೆರಡು ವರ್ಷ ದಾಟೈತಂತ," ಎಂದರು ಫಕೀರವ್ವ, ರೊಟ್ಟಿ ಬಡಿಯುತ್ತಲೇ. "ಒಂಚೂರೂ ಸವದಿಲ್ಲ ನೋಡು."