ಶಿವನ ಕೊರಳಿಗೆ ಹೆಬ್ಬಾವು ಬೇಡ

ನಳಿನಾಕ್ಷಿ ಜಗಲಿಯಲ್ಲಿ ಕುಳಿತು ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದಳು. ಹೊಟ್ಟು ಹಾರುತ್ತಿತ್ತು, ಕಲ್ಲು ಒಂದೊಂದಾಗಿ ಅಂಗಳಕ್ಕೆ ಬೀಳುತ್ತಿತ್ತು. ಕೈ ಅಕ್ಕಿಯ ಮೇಲಿದ್ದರೂ ಕಿವಿ ಮೂಲೆಯ ಡೀಸೆಲ್ ಡ್ರಮ್ಮಿನ ಮೇಲಿತ್ತು. ಡ್ರಮ್ಮಿನ ಬಾಯಿಗೆ ಹಲಗೆ, ಹಲಗೆಯ ಮೇಲೊಂದು ದೊಡ್ಡ ಕಲ್ಲು. ಒಳಗಿನಿಂದ ಆಗಾಗ ಏನೋ ಉಜ್ಜಿದ ಸದ್ದು ಬರುತ್ತಿತ್ತು. ಸದ್ದು ಬಂದಾಗಲೆಲ್ಲ ಗೆರಸೆ ನಿಲ್ಲುತ್ತಿತ್ತು.

ಡ್ರಮ್ಮಿನಲ್ಲಿದ್ದದ್ದು ಹೆಬ್ಬಾವು.

ಎರ್ಮಾಳಿನ ಕಡಲ ಬದಿಯ ಆ ಮನೆಗೆ ಅದು ಬಂದದ್ದು ನೆರೆನೀರಿನ ಜೊತೆ, 1984ರ ಮಳೆಗಾಲದಲ್ಲಿ. ಹೊಳೆಯಲ್ಲಿ ತೇಲಿ ಬಂದ ಮರದ ಬೊಡ್ಡೆಗೆ ಸುತ್ತಿಕೊಂಡಿತ್ತು. ಬೀಸುಬಲೆ ಹಾಕಲು ಹೋದ ನಳಿನಾಕ್ಷಿಯ ಗಂಡ ಲೀಲಾಧರ ಅದನ್ನು ಬಲೆಯಲ್ಲೇ ಸುತ್ತಿ ಮನೆಗೆ ಹೊತ್ತು ತಂದ. ಒಂದೂವರೆ ಮಾರು ಉದ್ದ, ಒನಕೆಗಿಂತ ದಪ್ಪ. ನೀರಿನಲ್ಲಿ ಬಿದ್ದು ಎದ್ದು ಸೋತುಹೋಗಿದ್ದ ಹಾವು ಅವನಿಗೆ ಬಹಳ ಸಾಧುವಾಗಿ ಕಂಡಿತು. ಬೋಟುಗಳು ಕಡಲಿಗೆ ಇಳಿಯದ ಕಾಲ ಅದು. ಕೈಗೆ ಕೆಲಸವಿಲ್ಲದವನ ತಲೆಗೆ ಕೆಲಸ ಸಿಕ್ಕಿತು.

ಹಿಂದಿನ ವರ್ಷ ಬಿರುಗಾಳಿಯಲ್ಲಿ ಅವನಿದ್ದ ಬೋಟಿನ ಇಂಜಿನ್ ನಿಂತುಹೋದಾಗ ಅವನ ತಾಯಿ ಅಪ್ಪಿ ದಡದಲ್ಲಿ ನಿಂತು ಹರಕೆ ಹೇಳಿಕೊಂಡಿದ್ದಳು. ಮಗ ಜೀವಂತ ಬಂದರೆ ಉಡುಪಿಯ ಕೃಷ್ಣಾಷ್ಟಮಿಗೆ ಅವನಿಂದ ವೇಷ ಹಾಕಿಸುತ್ತೇನೆ ಎಂದು. ಮಗ ಬಂದಿದ್ದ. ಈಗ ಅಷ್ಟಮಿಯೂ ಹತ್ತಿರ ಬಂದಿತ್ತು.

"ಹುಲಿವೇಷ ಯಾರು ಬೇಕಾದ್ರೂ ಹಾಕ್ತಾರೆ. ನಾನು ಶಿವ. ಕೊರಳಿಗೆ ಜೀವ ಇರುವ ಹಾವು! ಉಡುಪಿ ಪೇಟೆಯಲ್ಲಿ ಜನ ಹುಲಿಯನ್ನು ಬಿಟ್ಟು ನನ್ನ ಹಿಂದೆ ಬರ್ಬೇಕು," ಎಂದ ಲೀಲಾಧರ.

"ಇದು ಬೇಡ," ಎಂದಳು ನಳಿನಾಕ್ಷಿ. ಅವಳು ಆ ದಿನ ಆಡಿದ ಮಾತು ಅಷ್ಟೇ.

"ಶಿವನ ಹೆಂಡತಿಗೇ ಹಾವಿನ ಹೆದರಿಕೆಯಾ? ಇದಕ್ಕೆ ವಿಷ ಇಲ್ಲ ಮಾರಾಯ್ತಿ. ದನ ಇದ್ದ ಹಾಗೆ."

ಅವನೊಬ್ಬನ ಮಾತಲ್ಲ ಅದು. ನಾಗರಹಾವನ್ನು ಕಂಡರೆ ಕೈಮುಗಿಯಬೇಕು, ಬೇರೆ ವಿಷದ ಹಾವನ್ನು ಕಂಡರೆ ದೂರ ಓಡಬೇಕು ಎಂದು ಊರಲ್ಲಿ ಎಲ್ಲರಿಗೂ ಗೊತ್ತು. ಹೆಬ್ಬಾವು ಈ ಎರಡಕ್ಕೂ ಸೇರದ್ದು. ವಿಷವಿಲ್ಲ ಎಂದ ಮೇಲೆ ಅಪಾಯವೂ ಇಲ್ಲ ಎಂದು ಎಲ್ಲರ ಲೆಕ್ಕ.

ಅಪ್ಪಿಗೆ ಬೇರೆಯೇ ಆಸೆ. "ಅಷ್ಟಮಿ ಒಂದು ಕಳೆಯಲಿ. ಆಮೇಲೆ ಅದರ ನೆಣ ಕರಗಿಸಿದ್ರೆ ನನ್ನ ಮಂಡಿನೋವಿಗೆ ಮದ್ದಾಗ್ತದೆ," ಎನ್ನುತ್ತ ತೆಂಗಿನ ಗೆರಟೆಯಲ್ಲಿ ಹಾಲು ಇಡುತ್ತಿದ್ದಳು. ಹಾಲು ಇಟ್ಟಲ್ಲೇ ಒಡೆಯುತ್ತಿತ್ತು. "ನಾಚಿಕೆಯ ಹಾವು. ನಿನ್ನ ಹಾಗೆಯೇ!" ಎಂದು ಸೊಸೆಯನ್ನು ಚುಡಾಯಿಸುತ್ತಿದ್ದಳು.

ನಳಿನಾಕ್ಷಿ ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಅಂಜುವವಳು. ಆದರೆ ಕಣ್ಣು ಚುರುಕು. ಡ್ರಮ್ಮಿನ ತುಕ್ಕು ಹಿಡಿದ ಅಂಚಿಗೆ ಉಜ್ಜಿ ಉಜ್ಜಿ ಹಾವಿನ ಮೂತಿಯಲ್ಲಿ ರಕ್ತ ಜಿನುಗಿದ್ದನ್ನು ನೋಡಿದವಳು ಅವಳೊಬ್ಬಳೇ. ಇನ್ನೊಂದನ್ನೂ ಅವಳು ಗಮನಿಸಿದ್ದಳು. ಜಗಲಿಯ ಬದಿಗೆ ಕೋಳಿ ಬಂದರೆ ಡ್ರಮ್ಮಿನೊಳಗಿನ ಸದ್ದು ಥಟ್ಟನೆ ನಿಲ್ಲುತ್ತಿತ್ತು. ದನ ಹಾಗೆ ಕಾದು ಕೂರುವುದಿಲ್ಲ.

ಅಕ್ಕಿ ಕೇರಿ ಮುಗಿಸಿ ಅವಳು ಹೊಳೆಮೀನಿನ ಬುಟ್ಟಿ ತಲೆಗಿಟ್ಟುಕೊಂಡು ಝೀಟಾ ಟೀಚರ್ ಮನೆಯ ಹಿಂಬಾಗಿಲಿಗೆ ಹೋದಳು. ಝೀಟಾ ಟೀಚರ್ ಕಾಪುವಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಅವರ ಮನೆಗೆ ಮೀನು ಕೊಡುವವಳು ನಳಿನಾಕ್ಷಿಯೇ.

"ಟೀಚರ್, ಹೆಬ್ಬಾವನ್ನು ಕುತ್ತಿಗೆಗೆ ಹಾಕಿದ್ರೆ ಎಂತ ಆಗ್ತದೆ?"

ಟೀಚರ್ ಬುಟ್ಟಿಯಿಂದ ಮೀನು ಆರಿಸುತ್ತಿದ್ದ ಕೈ ನಿಲ್ಲಿಸಿದರು. "ಯಾರ ಕುತ್ತಿಗೆಗೆ?"

ನಳಿನಾಕ್ಷಿ ಮೀನನ್ನೇ ನೋಡುತ್ತ, "ಇವರ," ಎಂದಳು.

ಸಂಜೆಗೇ ಟೀಚರ್ ಕೊಡೆ ಹಿಡಿದುಕೊಂಡು ಎರ್ಮಾಳಿನ ಮನೆಗೆ ಬಂದರು. ಹಲಗೆ ಸರಿಸಿ ಇಣುಕಿದರು. ಮತ್ತೆ ಹಲಗೆ ಮುಚ್ಚಿ, ಕಲ್ಲು ಇಟ್ಟು, ಬೆಂಚಿನ ಮೇಲೆ ಕುಳಿತರು.

"ಲೀಲಾಧರ, ಒಂದು ಕರು ತರುವುದಾದ್ರೆ ಎಂತೆಲ್ಲ ನೋಡ್ತಿ?"

"ಸುಳಿ ನೋಡ್ತೇನೆ. ತಾಯಿ ಎಷ್ಟು ಹಾಲು ಕೊಡ್ತದೆ ಕೇಳ್ತೇನೆ. ಹುಲ್ಲು ಉಂಟಾ, ಹಟ್ಟಿ ಉಂಟಾ ನೋಡ್ತೇನೆ."

"ಇದನ್ನು ತರುವಾಗ ಎಂತ ನೋಡಿದೆ?"

ಲೀಲಾಧರ ತಲೆ ಕೆರೆದುಕೊಂಡ. "ಹೊಳೆಯಲ್ಲಿ ಸಿಕ್ಕಿತು ಟೀಚರ್. ತಂದೆ."

"ಇದು ಇನ್ನೂ ಬೆಳೀತದೆ. ಇಪ್ಪತ್ತು ವರ್ಷ ಬದುಕಿದ್ರೂ ಬದುಕೀತು. ನಾಳೆ ನಿನಗೆ ಮಗ ಹುಟ್ಟಿ, ಅವನಿಗೆ ಮೀಸೆ ಬಂದಾಗಲೂ ಇದು ಇಲ್ಲೇ ಇರ್ತದೆ. ನೀನು ಕಡಲಿಗೆ ಹೋದಾಗ ಯಾರು ನೋಡ್ಕೊಳ್ಳುವುದು? ನಿನ್ನ ಅಮ್ಮನಾ?"

"ನಾನು ಹಾಲು ಇಡ್ತೇನಲ್ಲಾ," ಎಂದಳು ಅಪ್ಪಿ.

"ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ ಅಪ್ಪಿಯಕ್ಕ. ಅದಕ್ಕೆ ಬೇಕಾದ್ದು ನೀರು, ಮತ್ತೆ ಮಾಂಸ. ನೆಣದಿಂದ ಮಂಡಿನೋವು ಹೋಗುವುದೂ ಸುಳ್ಳು. ನೀವು ಹಚ್ಚಿ ತಿಕ್ಕುವುದರಿಂದ ಸ್ವಲ್ಪ ಹಾಯೆನಿಸ್ತದೆ, ಅಷ್ಟೇ. ಅದಕ್ಕೆ ತೆಂಗಿನೆಣ್ಣೆ ಸಾಕು."

ಲೀಲಾಧರ ಸೋಲಲಿಲ್ಲ. "ಸರ್ಕಸ್ಸಿನಲ್ಲಿ ಹುಡುಗಿಯರೇ ಕೊರಳಿಗೆ ಹಾಕಿಕೊಳ್ತಾರೆ ಟೀಚರ್! ನಾನು ಗಂಡಸು, ಬಲೆ ಎಳೆಯುವವ."

"ಸರ್ಕಸ್ಸಿನಲ್ಲಿ ಪಕ್ಕದಲ್ಲೇ ಬಿಡಿಸುವವರು ನಿಂತಿರ್ತಾರೆ, ನಿನಗೆ ಕಾಣುವುದಿಲ್ಲ ಅಷ್ಟೇ. ಹೆಬ್ಬಾವಿನ ಆಯುಧ ವಿಷ ಅಲ್ಲ, ಮೈ. ನೀನು ಉಸಿರು ಬಿಟ್ಟ ಹಾಗೆ ಅದು ಬಿಗಿ ಮಾಡ್ತದೆ. ಇಷ್ಟು ದೊಡ್ಡದನ್ನು ಒಬ್ಬನೇ ಮುಟ್ಟಬಾರದು, ಕುತ್ತಿಗೆಗಂತೂ ಯಾವತ್ತೂ ಹಾಕಬಾರದು. ಕೋಳಿ, ಮೀನು ಮುಟ್ಟಿದ ಕೈಯಿಂದ ಹತ್ತಿರ ಹೋಗಲೇಬಾರದು. ಅದಕ್ಕೆ ಮನುಷ್ಯರ ಗುರುತು ಗೊತ್ತಿಲ್ಲ, ವಾಸನೆ ಮಾತ್ರ ಗೊತ್ತು. ಮತ್ತೆ ಕಾನೂನು ಉಂಟು. ಹೆಬ್ಬಾವನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಎಲ್ಲ ಅಪರಾಧ. ಕಾರ್ಕಳದ ಅರಣ್ಯ ಆಫೀಸಿಗೆ ಹೇಳು, ಅವರೇ ಬಂದು ಕೊಂಡುಹೋಗ್ತಾರೆ."

"ಅಷ್ಟಮಿ ಕಳೆದು ಹೇಳ್ತೇನೆ."

"ಬೇಡ. ನಾನೇ ಹೇಳಿ ಕಳಿಸ್ತೇನೆ."

ಹೊರಡುವಾಗ ನಳಿನಾಕ್ಷಿ ಗೇಟಿನವರೆಗೆ ಹೋದಳು. ಟೀಚರ್ ತಗ್ಗಿದ ದನಿಯಲ್ಲಿ, "ಅವರು ಬರುವ ಮೊದಲೇ ಇವ ಹುಚ್ಚು ಮಾಡಿದ್ರೆ ನೆನಪಿಟ್ಟುಕೋ. ಸುತ್ತಿಕೊಂಡರೆ ತಲೆ ಹಿಡಿದು ಎಳೆಯಬೇಡ. ಅದರ ಹಲ್ಲು ಹಿಂದಕ್ಕೆ ಬಾಗಿರ್ತದೆ, ಎಳೆದಷ್ಟೂ ಮಾಂಸ ಹರಿಯುತ್ತದೆ. ಬಾಲದಿಂದ ಬಿಡಿಸು. ಯಾವಾಗಲೂ ಬಾಲದಿಂದ," ಎಂದರು.

ಬಾವಿಯಿಂದ ನೀರು ಸೇದುವಾಗ ನಳಿನಾಕ್ಷಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡಳು. ಬಾಲದಿಂದ. ಗಂಡ ಕೇಳದಿದ್ದರೆ ಬೇಡ. ತಾನಂತೂ ಅವನನ್ನು ಆ ಹಾವಿನೊಂದಿಗೆ ಒಬ್ಬನೇ ಬಿಡುವುದಿಲ್ಲ.

ಭಾನುವಾರ ಲೀಲಾಧರ ಕೋಳಿ ಕೊಯ್ದ. ಪುಕ್ಕ ಕಿತ್ತು, ತುಂಡು ಮಾಡಿ ಕೊಟ್ಟ. ಕೈ ತೊಳೆಯುವ ಶಾಸ್ತ್ರ ಮಾಡಿ ಬೈರಾಸಿನಲ್ಲಿ ಒರೆಸಿಕೊಂಡ. ಆ ಬೈರಾಸನ್ನೇ ವಾಡಿಕೆಯಂತೆ ಹೆಗಲಿಗೆ ಹಾಕಿಕೊಂಡ. ನಮ್ಮ ಕಡೆ ಗಂಡಸರ ಹೆಗಲಿನಿಂದ ಬೈರಾಸು ಇಳಿಯುವುದುಂಟೇ?

"ಕೋಳಿ ಗಸಿ ಬೇಯುವುದರೊಳಗೆ ಒಮ್ಮೆ ಶಿವನಾಗಿ ನೋಡ್ತೇನೆ," ಎಂದು ಜಗಲಿಗೆ ಹೋದ.

ಅರೆಯುವ ಕಲ್ಲಿನಲ್ಲಿ ಮಸಾಲೆ ಕಡೆಯುತ್ತಿದ್ದ ನಳಿನಾಕ್ಷಿ ಕಡೆಯುವುದನ್ನು ಬಿಟ್ಟು ಎದ್ದಳು. ಅವಳು ಬಾಗಿಲಿಗೆ ಬರುವಾಗ ಹಾವು ಅವನ ತೋಳಿನ ಮೇಲಿತ್ತು. ಸೋತ ಹಾವಲ್ಲ ಅದು ಈಗ. ವಿಶ್ರಾಂತಿ ಸಿಕ್ಕಿದೆ, ಹಸಿವೂ ಆಗಿದೆ. ಅದರ ನಾಲಿಗೆ ಬೈರಾಸಿನ ಕಡೆಗೆ ಆಡುತ್ತಿತ್ತು.

"ಬೈರಾಸು! ಬೈರಾಸು ತೆಗೀರಿ!"

ಜಗಲಿಯ ಆಚೆ ತುದಿಯಲ್ಲಿ ಕುಳಿತಿದ್ದ ಅಪ್ಪಿ ಬೆಚ್ಚಿದಳು. ಸೊಸೆ ಹಾಗೆ ಕೂಗಿದ್ದನ್ನು ಅವಳು ಕೇಳಿದ್ದೇ ಇಲ್ಲ. ಆದರೆ ಅಷ್ಟರಲ್ಲಿ ಹಾವು ಹೆಗಲಿಗೆ ಬಾಯಿ ಹಾಕಿಯಾಗಿತ್ತು. ಬಾಯಿ ಹಾಕಿದ್ದೇ ಮೈ ಸುತ್ತಿತು. ಒಂದು ಸುತ್ತು ತೋಳು ಸೇರಿಸಿ ಎದೆಗೆ, ಇನ್ನೊಂದು ಕುತ್ತಿಗೆಗೆ. ಲೀಲಾಧರ ಮೊಣಕಾಲೂರಿ ಕುಸಿದ. ಇನ್ನೊಂದು ಕೈಯಿಂದ ಹಾವಿನ ತಲೆ ಹಿಡಿದು ಎಳೆಯತೊಡಗಿದ. ಹೆಗಲಿನಿಂದ ರಕ್ತ ಇಳಿಯಿತು. ಕೂಗಬೇಕೆಂದರೆ ಸ್ವರವೇ ಇಲ್ಲ.

"ತಲೆ ಬಿಡಿ! ಎಳೀಬೇಡಿ!" ನಳಿನಾಕ್ಷಿ ಅವನ ಬೆನ್ನ ಹಿಂದೆ ಕುಳಿತು ಬಾಲದ ತುದಿ ಹುಡುಕಿದಳು. ಅದು ಅವನ ಕಂಕುಳಡಿ ಇತ್ತು. ಎರಡೂ ಕೈಯಿಂದ ಹಿಡಿದು, ಬಲೆಯ ಗಂಟು ಬಿಡಿಸುವ ಹಾಗೆ, ಸುತ್ತಿದ ದಿಕ್ಕಿಗೆ ಎದುರಾಗಿ ಬಿಡಿಸಿದಳು. ಬಿಡಿಸಿದ ಭಾಗ ಮತ್ತೆ ಸುತ್ತಲು ನೋಡಿತು. "ಅತ್ತೆ, ಇದನ್ನು ಹಿಡಿದುಕೊಳ್ಳಿ! ಬಿಡಬೇಡಿ!"

ಮಂಡಿನೋವಿನ ಅಪ್ಪಿ ಎರಡು ಹೆಜ್ಜೆಗೆ ಜಗಲಿ ದಾಟಿ ಬಂದು ಬಾಲವನ್ನು ತಬ್ಬಿ ಹಿಡಿದಳು. ಎದೆಯ ಸುತ್ತು ಬಿಟ್ಟಿತು. ಆಮೇಲೆ ಕುತ್ತಿಗೆಯದು. ಉಸಿರು ಒಳಗೆ ಹೋದ ಸದ್ದು ಮೂವರಿಗೂ ಕೇಳಿತು. ನಳಿನಾಕ್ಷಿ ಕೊಡದಿಂದ ತಣ್ಣೀರು ಎತ್ತಿ ಹಾವಿನ ಮೂತಿಗೆ ಹೊಯ್ದಳು. ಕೊನೆಗೆ ಅದು ತಾನಾಗಿ ಹಲ್ಲು ಬಿಡಿಸಿಕೊಂಡಿತು. ಅತ್ತೆ ಸೊಸೆ ಸೇರಿ ಅದನ್ನು ಡ್ರಮ್ಮಿಗೆ ಇಳಿಸಿ ಕಲ್ಲು ಹೇರಿದರು.

ಗಾಯವನ್ನು ಸಾಬೂನು ಹಾಕಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಕೊಡಿಸಿಕೊಂಡು ಬಂದರು. ಲೀಲಾಧರನಿಗೆ ಆ ದಿನ ಗಸಿ ನುಂಗಲೂ ಆಗಲಿಲ್ಲ.

"ದನ ಇದ್ದ ಹಾಗೆ," ಎಂದಳು ನಳಿನಾಕ್ಷಿ ಗಂಜಿ ಬಡಿಸುತ್ತ.

"ಸಾಕು ಮಾರಾಯ್ತಿ," ಎಂದ ಅವನು ಒಡೆದ ಸ್ವರದಲ್ಲಿ. "ಒಬ್ಬನೇ ಇದ್ದಿದ್ರೆ ಇವತ್ತೇ ಕೈಲಾಸ."

ಮರುದಿನ ಕಾರ್ಕಳದಿಂದ ಫಾರೆಸ್ಟರ್ ಸರ್ವೋತ್ತಮರು ಜೀಪಿನಲ್ಲಿ ಬಂದರು, ಜೊತೆಗೆ ಇಬ್ಬರು ಗಾರ್ಡುಗಳು. ಮೂವರೂ ಕೈ ತೊಳೆದುಕೊಂಡರು. ಒಬ್ಬ ತಲೆಯ ಹಿಂದೆ, ಒಬ್ಬ ನಡುವಿಗೆ, ಒಬ್ಬ ಬಾಲಕ್ಕೆ ಕೈ ಆನಿಸಿ, ಹಿಚುಕದೆ, ಮಗುವನ್ನು ಎತ್ತಿದಂತೆ ಎತ್ತಿ ಬಟ್ಟೆಯ ಚೀಲಕ್ಕೆ ಇಳಿಸಿದರು.

"ಯಾರು ಶಿವ?" ಎಂದು ಕೇಳಿದರು ಸರ್ವೋತ್ತಮರು.

ಲೀಲಾಧರ ಪಟ್ಟಿ ಕಟ್ಟಿದ ಹೆಗಲು ತೋರಿಸಿದ.

"ಕೇಸು ಹಾಕಬಹುದು, ಗೊತ್ತುಂಟಾ? ಟೀಚರ್ ಮೊದಲೇ ತಿಳಿಸಿದ್ದಕ್ಕೆ, ನೀವು ಹಾವನ್ನು ಕೊಲ್ಲದೆ ಇಟ್ಟದ್ದಕ್ಕೆ, ಈ ಸಲ ಬುದ್ಧಿ ಹೇಳಿ ಬಿಡ್ತೇನೆ. ಸೋತ ಹಾವು ಸಾಧು ಹಾವಲ್ಲ ಮಾರಾಯ. ತಗಡಿನ ಡ್ರಮ್ಮಿನಲ್ಲಿ ಹಾಕಿದ್ದೂ ತಪ್ಪು. ಬಿಸಿಲು ಬಿದ್ದಿದ್ದರೆ ಬೆಂದೇ ಹೋಗ್ತಿತ್ತು. ನೆರೆಯಲ್ಲಿ ಬಂದದ್ದನ್ನು ದೂರ ನಿಂತು ಕಾಯಬೇಕು, ನಮಗೆ ಹೇಳಿ ಕಳಿಸಬೇಕು. ಅಷ್ಟೇ ನಿಮ್ಮ ಕೆಲಸ."

"ನನ್ನ ಮಂಡಿ ನೋಯುವುದಾದ್ರೆ ನೋಯಲಿ," ಎಂದಳು ಅಪ್ಪಿ. "ಮಗನ ಕುತ್ತಿಗೆ ಉಳಿಯಿತಲ್ಲ. ಆದ್ರೆ ನನ್ನ ಹರಕೆ?"

ಅದಕ್ಕೆ ಉತ್ತರ ನಳಿನಾಕ್ಷಿಯ ಹತ್ತಿರವಿತ್ತು. ಹಳೆಯ ಕಂದು ಸೀರೆಯನ್ನು ಉದ್ದಕ್ಕೆ ಹೊಲಿದು, ತೆಂಗಿನ ನಾರು ತುಂಬಿ, ಇದ್ದಿಲಿನಿಂದ ಮಚ್ಚೆ ಬರೆದಳು. ಡ್ರಮ್ಮಿನೊಳಗೆ ಅಷ್ಟು ದಿನ ಇಣುಕಿದ್ದು ವ್ಯರ್ಥವಾಗಲಿಲ್ಲ. ಒಂದು ಮಚ್ಚೆಯೂ ಸುಳ್ಳಾಗಿರಲಿಲ್ಲ. ನಿಜವಾದ ಹೆಬ್ಬಾವು ಅಜೆಕಾರಿನ ಆಚೆಯ ಕಾಡು ಸೇರಿತು. ಸೀರೆಯ ಹೆಬ್ಬಾವು ಅಷ್ಟಮಿಗೆ ಉಡುಪಿ ಸೇರಿತು. ಅಂಗಡಿಯೊಂದರ ಮುಂದೆ ಶಿವ ಹಾವಿನ ತಲೆ ಆಡಿಸಿದಾಗ ಎರಡು ಹುಲಿಗಳೇ ಹಿಂದಕ್ಕೆ ಹಾರಿದವಂತೆ. ಹರಕೆ ತೀರಿತು.

ಓದುವವರೇ, ಕೇಳುವವರೇ, ಹೆಬ್ಬಾವು ಸಾಕುವ ಪ್ರಾಣಿಯಲ್ಲ. ಚೆಂದ ಕಂಡಿತೆಂದು ಮನೆಗೆ ತರಬೇಡಿ. ವೇಷಕ್ಕೂ ಬೇಡ, ಮದ್ದಿಗೂ ಬೇಡ. ಅಂಗಳಕ್ಕೆ ಬಂದರೆ ಮಕ್ಕಳನ್ನು, ಕೋಳಿಗಳನ್ನು ಒಳಗೆ ಮಾಡಿ, ದೂರದಿಂದ ಕಣ್ಣಿಡಿ, ಅರಣ್ಯ ಇಲಾಖೆಗೆ ತಿಳಿಸಿ. ಯಾರಿಗಾದರೂ ಸುತ್ತಿಕೊಂಡರೆ ಬಾಲದಿಂದ ಬಿಡಿಸಿ. ಆದರೆ ಬಿಡಿಸುವ ಹೊತ್ತಿಗೆ ಪಕ್ಕದಲ್ಲಿ ಒಬ್ಬರು ಇದ್ದೇ ಇರುತ್ತಾರೆಂದು ನಂಬಬೇಡಿ.

ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೆ ಎರ್ಮಾಳಿನ ಮಹಿಳಾ ಮಂಡಳಿ ಸೇರಿತು. ಝೀಟಾ ಟೀಚರ್ ಭಾಷಣ ಮುಗಿಸಿ ನಳಿನಾಕ್ಷಿಯ ಕಡೆಗೆ ತಿರುಗಿದರು. ಅವಳು ಸೆರಗು ಹಿಡಿದುಕೊಂಡು ಎದ್ದು ನಿಂತಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸುಂದರಿಯಕ್ಕನ ಮನೆಯ ಹಿಂದೆ, ಮುಚ್ಚಳಕ್ಕೆ ಕಲ್ಲು ಹೇರಿದ ಒಂದು ಡ್ರಮ್ಮನ್ನು ಅವಳು ಮೊನ್ನೆ ಮೀನು ಕೊಡಲು ಹೋದಾಗ ನೋಡಿದ್ದಳು. ಆದರೆ ಯಾರ ಹೆಸರನ್ನೂ ಹೇಳಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ಸ್ವರ ಮಾತ್ರ ನಡುಗಲಿಲ್ಲ.

"ನಿಮ್ಮಲ್ಲಿ ಯಾರ ಮನೆಯಲ್ಲಾದ್ರೂ ಹಾವು ಇಟ್ಟಿದ್ರೆ, ದಯವಿಟ್ಟು ಈಗಲೇ ಹೇಳಿ. ಯಾರೂ ಬೈಯುವುದಿಲ್ಲ. ಬಿಡಿಸಲಿಕ್ಕೆ ಅರಣ್ಯದವರ ಜೊತೆ ನಾನೂ ಬರ್ತೇನೆ. ಹೇಳಿ."