ಅರಳುಮರಳಲ್ಲ, ಕಿವಿ ಮಂದ

ಕೊರಳಲ್ಲಿ ಅಳತೆ ಟೇಪು, ಮೂಗಿನ ತುದಿಗೆ ಕನ್ನಡಕ, ಬಾಯಲ್ಲೊಂದು ತಮಾಷೆ. ಬೀದಿಯ ಮೂಲೆಯಂಗಡಿಯ ಟೈಲರ್ ಮಾಮ ಎಂದರೆ ಎಲ್ಲರಿಗೂ ಇಷ್ಟ. ಅವರು ಹೊಲಿದ ಬಟ್ಟೆಯನ್ನು ಯಾರೂ ವಾಪಸು ತಂದದ್ದಿಲ್ಲ. ಅಂಥವರ ಅಂಗಡಿಯಲ್ಲಿ ಇತ್ತೀಚೆಗೆ ಎಲ್ಲ ಏರುಪೇರಾಗತೊಡಗಿತ್ತು. ಬಿಳಿ ಗುಂಡಿ ಹಾಕಿ ಎಂದವರಿಗೆ ನೀಲಿ ಗುಂಡಿ. ಜೇಬು ಬೇಡ ಎಂದವರಿಗೆ ಎರಡೆರಡು ಜೇಬು.

ಮನೆಯಲ್ಲೂ ಅದೇ ಪಾಡು. "ನೀರು ಬಂತು, ನೋಡ್ರೀ" ಎಂದು ಹೆಂಡತಿ ಕೂಗಿದರೆ, ಇವರು "ಯಾರು ಬಂದ್ರು?" ಎಂದು ಹೋಗಿ ಬಾಗಿಲು ತೆಗೆದು ನಿಲ್ಲುತ್ತಿದ್ದರು. ಅತ್ತ ನಲ್ಲಿ ನಿಂತೇ ಹೋಗುತ್ತಿತ್ತು.

ಒಂದು ದಿನ ಹೆಂಡತಿ ಬೇರೂರಿನಲ್ಲಿದ್ದ ಮಗಳಿಗೆ ಫೋನ್ ಮಾಡಿ, "ನಿಮ್ಮಪ್ಪಂಗೆ ಅರಳುಮರಳು ಶುರುವಾಯ್ತು ಕಣೇ. ಹೇಳಿದ್ದು ಒಂದೂ ನೆನಪಿರಲ್ಲ" ಎಂದರು. ಅಂಗಡಿ ಮುಚ್ಚಿಸಿಬಿಡೋಣ ಎಂದಳು ಮಗಳು. ಹೆಂಡತಿ ಗುಟ್ಟಾಗಿಯೇ ಮಾತಾಡಿದ್ದರು. ಆದರೆ ಗಂಡನ ಜೊತೆ ಕೂಗಿ ಕೂಗಿ ಅಭ್ಯಾಸವಾಗಿದ್ದ ಆ ದನಿಗೆ ಗುಟ್ಟು ಎಂದರೇನೆಂದೇ ಮರೆತುಹೋಗಿತ್ತು. ಮಾಮನಿಗೆ ಅರಳುಮರಳು ಎಂಬ ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಅವರ ತಂದೆಗೂ ಕೊನೆಗಾಲದಲ್ಲಿ ಮರೆವು ಬಂದು, ಹೆತ್ತ ಮಗನನ್ನೇ "ನೀವ್ಯಾರು?" ಎಂದು ಕೇಳುತ್ತಿದ್ದರು. ನನಗೂ ಅದೇ ಗತಿಯೇನೋ ಎಂಬ ಭಯ ಮಾಮನಿಗೆ ಮೊದಲೇ ಇತ್ತು. ಅಂದಿನಿಂದ ಅವರು ಗೆಳೆಯರು ಸೇರುವ ಟೀ ಅಂಗಡಿಯ ಬೆಂಚಿಗೆ ಹೋಗುವುದನ್ನೂ ಬಿಟ್ಟರು. ಗೆಳೆಯರ ಹಾಸ್ಯಕ್ಕೆ ಎಲ್ಲರೂ ನಕ್ಕಾದ ಮೇಲೆ ತಾನೊಬ್ಬನೇ ನಗುವುದು ಅವರಿಗೂ ಸಾಕಾಗಿತ್ತು.

ಆ ವಾರವೇ ಆರೋಗ್ಯ ಕೇಂದ್ರದ ನರ್ಸ್ ತಮ್ಮ ಹೊಸ ಬಿಳಿ ಕೋಟು ಒಯ್ಯಲು ಬಂದರು. ಹಾಕಿಕೊಂಡು ನೋಡಿದರೆ ಬೆರಳ ತುದಿಯೂ ಕಾಣದಷ್ಟು ಉದ್ದದ ತೋಳು. ಗಿಡ್ಡ ತೋಳು ಇಡಿ ಎಂದಿದ್ದೆನಲ್ಲ ಎಂದು ಅವರು ಕೇಳಿದರು. ದೊಡ್ಡ ತೋಳು ಎಂದೇ ನೀವು ಹೇಳಿದ್ದು ಎಂದು ಮಾಮ ಪಟ್ಟು ಹಿಡಿದರು.

ನರ್ಸ್‌ಗೆ ಸಿಟ್ಟು ಬರಲಿಲ್ಲ. ಕೋಟಿನ ಕೈ ಬೀಸಿಕೊಂಡು ನಕ್ಕರು. ಆಮೇಲೆ ಏನೋ ಹೊಳೆದವರಂತೆ ಬಟ್ಟೆಯ ಕಪಾಟಿನ ಕಡೆ ಮುಖ ಮಾಡಿ, ಮೆಲ್ಲಗೆ ಏನೋ ಕೇಳಿದರು. ಉತ್ತರವಿಲ್ಲ. ತಿರುಗಿ ನೋಡಿದರೆ ಮಾಮ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಮಾಮ, ಈಗ ನಾನೇನು ಕೇಳ್ದೆ?"

ಮಾಮನ ಕೈ ನಿಂತಿತು. "ಸಿಸ್ಟರಮ್ಮ, ನನ್ನ ತಲೆ ಕೆಡ್ತಾ ಇದೆ. ಯಾರಿಗೂ ಹೇಳ್ಬೇಡಿ."

"ತಲೆ ಅಲ್ಲ ಮಾಮ, ಕಿವಿ ಇರಬಹುದು. ಕಿವಿಗೇ ಬೀಳದ ಮಾತು ನೆನಪಲ್ಲಿ ಹೇಗೆ ಉಳಿಯುತ್ತೆ?"

ವಯಸ್ಸಾದ ಮೇಲೆ ಕಿವಿ ಮಂದವಾಗುವುದು ಇದ್ದದ್ದೇ, ಅದಕ್ಕೆಲ್ಲ ಆಸ್ಪತ್ರೆ ಯಾಕೆ ಎಂದರು ಮಾಮ. ಹೊಲಿಯುವ ಮಿಷನ್ನೊಂದು ಸಾಲದೆಂದು ಕಿವಿಗೂ ಮಿಷನ್ ಹಾಕಿಕೊಂಡರೆ, ಮುದುಕ ಎಂದು ಬೋರ್ಡು ತಗುಲಿಸಿಕೊಂಡ ಹಾಗೆ ಎಂದೂ ಸೇರಿಸಿದರು.

ನರ್ಸ್ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. ಕಿವಿಯ ತೊಂದರೆ ಕಿವಿಗೇ ಮುಗಿಯುತ್ತದೆ ಎಂದು ಹಿಂದೆ ಬಹಳ ಜನ ಅಂದುಕೊಂಡಿದ್ದರು. ಈಚಿನ ವರ್ಷಗಳಲ್ಲಿ ಸಂಶೋಧಕರು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದಾಗ ಬೇರೆಯೇ ಸಂಗತಿ ಕಂಡಿತು. ನಡುವಯಸ್ಸಿನಿಂದಲೇ ಕಿವಿ ಮಂದವಾಗಿ, ಅದನ್ನು ಹಾಗೇ ಬಿಟ್ಟವರಲ್ಲಿ ಮರೆವಿನ ಕಾಯಿಲೆ ಹೆಚ್ಚು. ಅರ್ಧ ಕೇಳಿದ ಮಾತನ್ನು ಊಹಿಸಿ ಊಹಿಸಿ ಮೆದುಳು ದಣಿಯುತ್ತದೆ, ಮಾತುಕತೆ ಬೇಡವೆಂದು ಮನುಷ್ಯ ಒಂಟಿಯಾಗುತ್ತಾನೆ, ಕಾರಣಗಳಲ್ಲಿ ಇವೂ ಇರಬಹುದು ಎಂದು ನರ್ಸ್ ಬಿಡಿಸಿ ಹೇಳಿದರು. ಮಾಮನಿಗೆ ಟೀ ಅಂಗಡಿಯ ಬೆಂಚು ನೆನಪಾಯಿತು.

"ಕಿವಿ ಮಂದ ಆದವರಿಗೆಲ್ಲ ಮರೆವು ಬರುತ್ತೆ ಅಂತಲ್ಲ ಮಾಮ. ಆದ್ರೆ ಮರೆವು ಬರದ ಹಾಗೆ ನಮ್ಮ ಕೈಲಾಗೋ ಕೆಲಸಗಳಲ್ಲಿ ಕಿವಿ ತೋರಿಸೋದೂ ಒಂದು. ಕಣ್ಣು ಮಂಜಾದಾಗ ಕನ್ನಡಕ ಹಾಕ್ಕೊಂಡ್ರಲ್ಲ, ಆಗ ಮುದುಕ ಅನ್ನಿಸ್ತಾ?"

ಮಾಮ ಮೂಗಿನ ತುದಿಯ ಕನ್ನಡಕ ಮೇಲೇರಿಸಿಕೊಂಡು, ಆಸ್ಪತ್ರೆಗೆ ಹೋಗಲು ಒಪ್ಪಿದರು.

ಹೆಂಡತಿಗೆ ಮಾತ್ರ ಇದರಲ್ಲೆಲ್ಲ ನಂಬಿಕೆಯಿಲ್ಲ. ಗೊಣಗುತ್ತಲೇ ಜೊತೆಗೆ ಹೋದರು. ವೈದ್ಯರು ಮೊದಲು ಮಾಮನ ಬಲಗಿವಿಯಿಂದ ಗಟ್ಟಿಯಾದ ಗುಗ್ಗೆ ತೆಗೆದರು. ಪಿನ್ನಿನಿಂದ ಕಿವಿ ಕೆರೆದುಕೊಳ್ಳುತ್ತೀರಾ ಎಂದು ಕೇಳಿ, ಹೌದೆಂದಾಗ ಚೆನ್ನಾಗಿ ಬೈದರು. ಆಮೇಲೆ ಸದ್ದಿಲ್ಲದ ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ನಡೆಯಿತು. ಪೀಂ ಎಂಬ ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಬೇಕು, ಅಷ್ಟೇ. ನೋವಿಲ್ಲ, ಸೂಜಿಯಿಲ್ಲ. ಗುಗ್ಗೆ ತೆಗೆದರೂ ಎರಡೂ ಕಿವಿ ಮಂದವಾಗಿರುವುದು ಗೊತ್ತಾಯಿತು. ಕೇಳಲು ನೆರವಾಗುವ, ಹುಣಸೆಬೀಜದಂಥ ಪುಟ್ಟ ಮಿಷನ್‌ಗಳು ಕಿವಿಗಳ ಹಿಂದೆ ಕೂತವು.

ಮೊದಮೊದಲು ಮಾಮನಿಗೆ ರೋಸಿಹೋಯಿತು. ಪಾತ್ರೆಯ ಸದ್ದು ಸಿಡಿಲಿನಂತೆ ಬಡಿಯಿತು. ತೆಗೆದು ಡ್ರಾಯರಿಗೆ ಎಸೆದರು. ಒಗ್ಗಿಕೊಳ್ಳಲು ಕೆಲವು ವಾರ ಬೇಕು, ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಳ್ಳಿ ಎಂದು ನರ್ಸ್ ಬಂದು ಹುರಿದುಂಬಿಸಿದರು. ಸದ್ದಿನ ಮಟ್ಟವನ್ನು ಆಸ್ಪತ್ರೆಯಲ್ಲಿ ಸರಿಮಾಡಿಸಿದರು. ನಿಧಾನವಾಗಿ ಹಿಡಿತ ಸಿಕ್ಕಿತು.

ಆಮೇಲೊಂದು ಸಂಜೆ ಮಗಳ ಫೋನ್ ಬಂದಾಗ ಮಾಮ ತಾವೇ ಎತ್ತಿಕೊಂಡರು.

"ಅಪ್ಪಾ, ನೀವಾ? ಯಾವಾಗ್ಲೂ ಫೋನ್ ಅಮ್ಮಂಗೆ ಕೊಟ್ಬಿಡ್ತಿದ್ರಿ. ನನ್ನ ಮೇಲೆ ಸಿಟ್ಟೇನೋ ಅಂದ್ಕೊಂಡಿದ್ದೆ."

"ಸಿಟ್ಟಲ್ಲ ಮಗಳೇ. ನಿನ್ನ ಮಾತು ಅರ್ಧ ಕೇಳ್ತಿತ್ತು, ಅರ್ಧ ಇಲ್ಲ. ತಪ್ಪು ಉತ್ತರ ಕೊಟ್ರೆ ನೀನೂ ನನ್ನ ತಲೆ ಕೆಟ್ಟಿದೆ ಅಂದ್ಕೊಳ್ತೀಯ ಅಂತ ಹೆದರಿಕೆ."

ಅಪ್ಪ ಮಗಳು ಅಂದು ಬಹಳ ಹೊತ್ತು ಮಾತಾಡಿದರು. ಅಂಗಡಿ ಮುಚ್ಚುವ ಮಾತು ಮತ್ತೆ ಬರಲಿಲ್ಲ. ತನ್ನ ದನಿ ತನಗೇ ಸರಿಯಾಗಿ ಕೇಳುತ್ತಿದ್ದುದರಿಂದ ಮಾಮ ಈಗ ಮೆಲ್ಲಗೆ ಮಾತಾಡುತ್ತಿದ್ದರು. ಹೆಂಡತಿ ಅಡುಗೆಮನೆಯಿಂದ ಇಣುಕಿದರು.

"ಏನ್ರೀ ಅದು, ಪಿಸುಪಿಸು? ಒಂದೂ ಕೇಳ್ತಿಲ್ಲ."

ಮಾಮ ಹೆಂಡತಿಯ ಮುಖ ನೋಡಿದರು. ಹೆಂಡತಿ ಮಾಮನ ಕಿವಿ ನೋಡಿದರು. ಮರುದಿನ ಆಸ್ಪತ್ರೆಗೆ ಇಬ್ಬರೂ ಹೊರಟರು. ಈ ಸಲ ಪರೀಕ್ಷೆ ಹೆಂಡತಿಯದು, ಗೊಣಗುವ ಸರದಿ ಮಾಮನದು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಒಬ್ಬರು ಹೇಳಿದ್ದನ್ನೇ ಮತ್ತೆ ಹೇಳಿಸಿಕೊಳ್ಳುತ್ತಿರಬಹುದು, ನಾಲ್ಕು ಜನ ಸೇರಿದಲ್ಲಿ ಸುಮ್ಮನಾಗುತ್ತಿರಬಹುದು. ಅವರನ್ನು ಗದರಬೇಡಿ, ಅಣಕಿಸಬೇಡಿ. ಎದುರಿಗೆ ಕೂತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ. ಕಿವಿಗೆ ಪಿನ್ನು, ಕಡ್ಡಿ ಹಾಕಲು ಬಿಡಬೇಡಿ. ಮಿಷನ್ ಬೇಕೋ ಬೇಡವೋ ಎಂಬುದನ್ನು ವೈದ್ಯರು ನೋಡಿ ಹೇಳಲಿ. ಕಿವಿ ಸರಿಯಿದ್ದೂ ಮರೆವು ಕಾಣಿಸಿದರೆ ಅದನ್ನೂ ಅವರಿಗೇ ತೋರಿಸಿ. ವಯಸ್ಸಾಯಿತು ಬಿಡಿ ಎಂದು ಕೈಬಿಡುವ ಮೊದಲು, ಕೈ ಹಿಡಿದು ಒಮ್ಮೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿ. ಈ ವಾರವೇ ಹೋಗಿ.